‘ನಾನಿಲ್ಲದೆಯೂ ಅವನು ಪಾಸಾದರೆ?’

“ಇಷ್ಟೆಲ್ಲ ಮಾಡಿದೆ, ಆ ಮಗುವಿಗೆ ಅದರ ಬೆಲೆಯೇ ಗೊತ್ತಾಗಲಿಲ್ಲ.” ಆಪ್ತಸಲಹೆಗೆ ಬರುವ ಶಿಕ್ಷಕರ ಬಾಯಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಗಣಿತದ ಮೇಷ್ಟ್ರು, ನಡುವಯಸ್ಸಿನವರು. ನಿದ್ದೆಯಿಲ್ಲ, ತರಗತಿಯಲ್ಲಿ ಸಣ್ಣದಕ್ಕೂ ಸಿಟ್ಟು, ಕೆಲಸ ಬಿಡುವ ಯೋಚನೆ. ಓದಿನಲ್ಲಿ ಹಿಂದೆ ಬಿದ್ದಿದ್ದ ಒಬ್ಬ ಹುಡುಗನಿಗಾಗಿ ಬಿಡುವಿನ ಅವಧಿಗಳನ್ನೆಲ್ಲ ಕೊಟ್ಟಿದ್ದರು. ಅವನೊಂದು ದಿನ, “ಸರ್, ಇನ್ಮೇಲೆ ನಾನೇ ಮಾಡ್ಕೋತೀನಿ” ಅಂದನಂತೆ. ಅಷ್ಟಕ್ಕೇ ಇವರು ಕುಸಿದಿದ್ದರು.

ಒಂದು ಮಗು ಸೋತರೂ ಅದು ಶಿಕ್ಷಕನ ಸೋಲು ಎಂಬುದು ಅವರ ನಂಬಿಕೆ. ಅದನ್ನು ಕೊಟ್ಟವರು ಅವರ ಬಾಲ್ಯದ ಮೇಷ್ಟ್ರು, ಪಕ್ಕದಲ್ಲೇ ಕೂತು ಲೆಕ್ಕ ಹೇಳಿಕೊಟ್ಟವರು.

ಒಂದು ಭೇಟಿಯಲ್ಲಿ ಕೇಳಿದೆ: “ಆ ಹುಡುಗ ನಿಮ್ಮ ಸಹಾಯವಿಲ್ಲದೆಯೇ ಪಾಸಾದ ಅಂದುಕೊಳ್ಳಿ ಮೇಷ್ಟ್ರೇ. ಏನನ್ನಿಸುತ್ತೆ?”

“ಸಂತೋಷ ಆಗಬೇಕು.”

“ಆಗುತ್ತಾ?”

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇಲ್ಲ. ಹಾಗಾದ್ರೆ ನಾನು ಯಾಕೆ ಬೇಕಿತ್ತು ಅನ್ನಿಸುತ್ತೆ” ಅಂದರು. ಸ್ವಲ್ಪ ತಡೆದು, “ಇದು ಕೆಟ್ಟ ಯೋಚನೆ ಅಲ್ವಾ?”

ಕೆಟ್ಟದ್ದು ಅನ್ನಲಿಲ್ಲ. ಇಷ್ಟನ್ನು ತಮಗೆ ತಾವೇ ಒಪ್ಪಿಕೊಳ್ಳಲು ಎಷ್ಟೋ ಶಿಕ್ಷಕರಿಗೆ ನಿವೃತ್ತಿಯವರೆಗೂ ಆಗುವುದಿಲ್ಲ. ಬದಲಿಗೆ ಇನ್ನೊಂದು ಪ್ರಶ್ನೆ ಕೇಳಿದೆ: “ನಿಮ್ಮ ಮೇಷ್ಟ್ರು ನಿಮ್ಮ ಪಕ್ಕದಿಂದ ಎದ್ದುಹೋಗಿದ್ದು ಯಾವಾಗ?” ಅವರಿಗೆ ನೆನಪಿರಲಿಲ್ಲ. ಎದ್ದುಹೋಗಿರಲೇಬೇಕಲ್ಲ, ಇವರು ಸ್ವತಂತ್ರವಾಗಿ ಲೆಕ್ಕ ಕಲಿತು ಶಿಕ್ಷಕರೇ ಆದರು!

ನಾವು ಶಿಕ್ಷಕರಾಗುವ ಮೊದಲೇ ವರ್ಷಗಟ್ಟಲೆ ಬೆಂಚಿನ ಮೇಲೆ ಕೂತು ಶಿಕ್ಷಕರನ್ನು ನೋಡಿರುತ್ತೇವೆ. ಬೋಧನೆಯ ಬಗೆಗಿನ ನಮ್ಮ ನಂಬಿಕೆಗಳು ಬಹುಪಾಲು ಅಲ್ಲೇ ಹುಟ್ಟುತ್ತವೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ವಿವರಿಸಿದ್ದರು. ಆದರೆ ಬೆಂಚಿನಿಂದ ಕಾಣುವುದು ಶಿಕ್ಷಕ ಮಾಡಿದ್ದು ಮಾತ್ರ. ಬೇಕೆಂದೇ ಮಾಡದೆ ಬಿಟ್ಟದ್ದು, ತಡೆದುಕೊಂಡದ್ದು ಕಾಣುವುದಿಲ್ಲ. ನಮ್ಮ ಮೇಷ್ಟ್ರಿಗೆ ಬಂದ ನಂಬಿಕೆಯಲ್ಲಿ ಇದೇ ಅರ್ಧ ಕಾಣೆಯಾಗಿತ್ತು. ಕಲಿಯುವವನಿಗೆ ಕೊಡುವ ಆಸರೆಯನ್ನು ಮನೋವಿಜ್ಞಾನಿಗಳಾದ ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಕಟ್ಟಡದ ಸಾರುವೆಗೆ ಹೋಲಿಸಿದರು. ಗೋಡೆ ನಿಂತ ಮೇಲೆ ಸಾರುವೆ ಬಿಚ್ಚಲೇಬೇಕು. ಬಿಚ್ಚುವುದೂ ಕೆಲಸದ ಭಾಗವೇ.

ನಾನು ಕೊಟ್ಟ ಸಲಹೆ ಇಷ್ಟು. ಸಹಾಯ ಮಾಡುವ ಮೊದಲು ಹುಡುಗನನ್ನು ಕೇಳಿ: ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು, ಏನು ಬೇಕು? ಅವನು ಬೇಡ ಅಂದರೆ ಅದನ್ನು ತಿರಸ್ಕಾರ ಅಂದುಕೊಳ್ಳಬೇಡಿ, ಕಲಿಕೆಯ ಸುದ್ದಿ ಅಂತ ಕೇಳಿಸಿಕೊಳ್ಳಿ. ದಿನದ ಕೊನೆಗೆ ‘ಎಷ್ಟು ಜನರನ್ನು ಎತ್ತಿದೆ’ ಎಂದು ಲೆಕ್ಕ ಹಾಕುವ ಬದಲು, ಯಾರು ಏನನ್ನು ತಾವೇ ಮಾಡಿದರು ಅಂತ ಬರೆದಿಡಿ. ನಿದ್ದೆಯ ವಿಷಯಕ್ಕೆ ವೈದ್ಯರನ್ನೂ ಕಾಣಲು ಹೇಳಿದೆ.

ಶಿಕ್ಷಕರಿಗೆ ಕಾಳಜಿ ಕಡಿಮೆ ಮಾಡಿ ಅನ್ನುತ್ತೀರಾ ಎಂದು ಕೆಲವರು ನನ್ನನ್ನು ಆಕ್ಷೇಪಿಸುತ್ತಾರೆ. ಇಲ್ಲ. ‘ಗಂಟೆ ಬಾರಿಸಿತು, ನನ್ನ ಕೆಲಸ ಮುಗಿಯಿತು’ ಅನ್ನುವ ನಿಲುವನ್ನು ನಾನು ಯಾವ ಶಿಕ್ಷಕರಿಗೂ ಸೂಚಿಸಿಲ್ಲ, ಸೂಚಿಸುವುದೂ ಇಲ್ಲ. ಈ ಮೇಷ್ಟ್ರ ಪ್ರೀತಿ ನಿಜವಾದದ್ದು. ಆದರೆ ಅದರ ಸಾಕ್ಷಿಯನ್ನು ಅವರು ಮಗುವಿನಿಂದ ಕೇಳುತ್ತಿದ್ದರು. ಆ ಭಾರ ಹೊರುವುದು ಮಗುವಿನ ಕೆಲಸವಲ್ಲ.

ಮುಂದಿನ ಪರೀಕ್ಷೆಯಲ್ಲಿ ಹುಡುಗನ ಅಂಕ ಇಳಿಯಿತು. ಮೇಷ್ಟ್ರು ಫೋನ್ ಮಾಡಿ, “ಈಗಲೂ ದೂರವೇ ಇರಲಾ?” ಅಂದರು. ದೂರ ಇರಿ ಅಂತ ನಾನು ಹೇಳಿರಲಿಲ್ಲ, ಕೇಳಿಕೊಂಡು ಹತ್ತಿರ ಹೋಗಿ ಅಂದಿದ್ದೆ. ಅದನ್ನೇ ಮತ್ತೆ ಹೇಳಿದೆ: ಉತ್ತರಪತ್ರಿಕೆಯನ್ನು ಅವನ ಕೈಗೇ ಕೊಡಿ, ಎಲ್ಲಿ ತಪ್ಪಿತು ಅನ್ನುವುದನ್ನು ಮೊದಲು ಅವನೇ ಹೇಳಲಿ.