ಆ್ಯಪ್‌ಗಳ ಪಟ್ಟಿ ಬಿಡಿ, ರೈಲಿನ ಪಾಠ ಬರೆಯಿರಿ

ಮೇಷ್ಟ್ರೇ, ನಮಸ್ಕಾರ.

‘ಇಂಗ್ಲಿಷ್ ಕಲಿಕೆಯಲ್ಲಿ ತಂತ್ರಜ್ಞಾನ’ ಎಂಬ ನಿಮ್ಮ ಲೇಖನ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಬರಹ ಅಡಗಿದೆ. ಅದನ್ನು ನೀವು ಬರೆಯಲೇಬೇಕು ಅಂತ ಈ ಪತ್ರ.

ಮೊದಲ ಮೂರು ಪುಟ ಬರೀ ಆ್ಯಪ್‌ಗಳ ಪರಿಚಯ. ಯಾವುದು ಉಚಿತ, ಯಾವುದು ಉಚ್ಚಾರಣೆ ಕಲಿಸುತ್ತದೆ, ಹೇಗೆ ಹಾಕಿಕೊಳ್ಳಬೇಕು. ಇದಕ್ಕೆ ಮೇಷ್ಟ್ರೇ ಬೇಕಾಗಿಲ್ಲ, ಅಲ್ವಾ? ‘ಮೊಬೈಲ್‌ನಿಂದ ಮಕ್ಕಳ ಕಲಿಕೆ ದುಪ್ಪಟ್ಟಾಯಿತು’ ಅಂದಿದ್ದೀರಿ. ಹೇಗೆ ಅಳೆದಿರಿ? ಅಳೆದಿಲ್ಲವಾದರೆ ಆ ಸಾಲು ಹೊಡೆದುಹಾಕಿ.

ನಾಲ್ಕನೇ ಪುಟದಲ್ಲಿ ನಾನು ನೆಟ್ಟಗೆ ಕೂತೆ. ಎಂಟನೇ ತರಗತಿಯ ಮಕ್ಕಳ ಕೈಗೆ ಫೋನ್ ಕೊಟ್ಟು ಹುಬ್ಬಳ್ಳಿಗೆ ಹೋಗುವ ರೈಲು ಹುಡುಕಿಸಿದ್ದೀರಿ. ಇಷ್ಟು ಒಳ್ಳೆಯ ಪಾಠವನ್ನು ಐದೇ ಸಾಲಿಗೆ ಮುಗಿಸಿದ್ದೀರಲ್ಲ!

ರೈಲ್ವೆ ವೇಳಾಪಟ್ಟಿ ಇಟ್ಟುಕೊಂಡು ಇಂಗ್ಲಿಷ್ ಕಲಿಸುವುದು ನಮ್ಮಲ್ಲಿ ಹೊಸದಲ್ಲ. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಕಡೆಯ ಶಾಲೆಗಳಲ್ಲಿ ಇದನ್ನೇ ಮಾಡಿಸಿದರು. ಟಾಸ್ಕ್ ಮೂಲಕ, ಅಂದರೆ ಮಕ್ಕಳಿಗೆ ಮಾಡಿ ಮುಗಿಸುವ ಒಂದು ಕೆಲಸ ಕೊಟ್ಟು, ಭಾಷೆ ಕಲಿಸುವ ಬಗ್ಗೆ ಬರೆಯುವವರು ಇವತ್ತಿಗೂ ಆ ‘ಬೆಂಗಳೂರು ಪ್ರಾಜೆಕ್ಟ್’ ನೆನೆಯುತ್ತಾರೆ. ವ್ಯಾಕರಣದ ಪಾಠ ಇಲ್ಲ. ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಇಂಥ ಒಂದು ಸಮಸ್ಯೆ ಬಿಡಿಸಿ ತೋರಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಮಗು ತಾನೇ ಬಿಡಿಸುವುದು. ಅರ್ಥದ ಕಡೆ ಗಮನ ಇದ್ದಾಗಲೇ ಭಾಷೆ ಒಳಗೆ ಇಳಿಯುತ್ತದೆ ಅನ್ನುವುದು ಅವರ ನಂಬಿಕೆ. ಮಾಹಿತಿ ದಾಟಿಸುವ ಟಾಸ್ಕ್‌ಗಿಂತ, ಇದ್ದ ಮಾಹಿತಿಯಿಂದ ತರ್ಕ ಮಾಡಿ ಉತ್ತರ ಹುಡುಕುವ ಟಾಸ್ಕ್ ಜಾಸ್ತಿ ಫಲ ಕೊಡುತ್ತದೆ ಅಂತ ಅವರು ಕಂಡುಕೊಂಡರು.

ನಿಮ್ಮ ಪಾಠ ಎಡವಿದ್ದು ಇಲ್ಲೇ. ಮಗು ಊರಿನ ಹೆಸರು ಒತ್ತಿತು, ಫೋನ್ ರೈಲು ತೋರಿಸಿತು, ಮಗು ಅದನ್ನು ನೋಟ್‌ಬುಕ್ಕಿಗೆ ಇಳಿಸಿತು. ಯೋಚಿಸುವ ಕೆಲಸ ಎಲ್ಲಿ ಬಂತು? ಅದೇ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ: ಅಜ್ಜಿಗೆ ಮಂಡಿನೋವು, ಮೇಲಿನ ಬರ್ತ್ ಹತ್ತಲಾಗದು. ಮದುವೆ ಬೆಳಿಗ್ಗೆ ಒಂಬತ್ತಕ್ಕೆ. ಕೈಯಲ್ಲಿರುವುದು 600 ರೂಪಾಯಿ. ಯಾವ ರೈಲು, ಯಾಕೆ? ಈಗ ಫೋನ್ ರೈಲುಗಳನ್ನು ತೋರಿಸುತ್ತದೆ, ಆರಿಸುವುದು ಮಗು. ಆ ‘ಯಾಕೆ’ಯನ್ನು ಇಂಗ್ಲಿಷಿನಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಲಿ. ಎಲ್ಲರ ಮುಂದೆ ನಿಂತು ಮಾತಾಡಲು ನಾಚುವ ಮಗು ಕೂಡ ತನ್ನ ದನಿ ಕೇಳಿಸಿಕೊಂಡು, ಅಳಿಸಿ, ಮತ್ತೆ ಹೇಳಬಹುದು. ಕಪ್ಪು ಹಲಗೆಯಿಂದ ಆಗದ ಕೆಲಸ ಇದು. ಫೋನ್ ಯಾಕೆ ಬೇಕು ಅನ್ನುವ ನಿಮ್ಮ ವಾದಕ್ಕೆ ನಿಜವಾದ ಬಲ ಇಲ್ಲಿದೆ.

ಈ ಪಾಠವನ್ನು ನಿಮ್ಮ ತರಗತಿಯಲ್ಲಿ ಮಾಡಿಸಿ, ಆಮೇಲೆ ಬರೆಯಿರಿ. ಎಷ್ಟು ಮಕ್ಕಳಿಗೆ ಎಷ್ಟು ಫೋನ್ ಇತ್ತು, ನೆಟ್‌ವರ್ಕ್ ಸಿಗದಾಗ ಏನು ಮಾಡಿದಿರಿ, ಅನುವಾದದ ಆ್ಯಪ್ ಯಾರಾದರೂ ತೆರೆದರಾ, ಎಲ್ಲ ಬರಲಿ. ಮಕ್ಕಳು ಆಡಿದ ಇಂಗ್ಲಿಷನ್ನು ತಿದ್ದದೆ ಹಾಗೇ ಕೊಡಿ, ಹೆಸರು ಮಾತ್ರ ಬೇಡ. 900 ಪದ ಸಾಕು. ನೇರ ನನಗೇ ಕಳಿಸಿ.