ನಾಲ್ಕೇ ಮಿನಾರುಗಳಿದ್ದ ಸ್ವಿಟ್ಜರ್ಲೆಂಡ್ ಅವುಗಳನ್ನು ನಿಷೇಧಿಸಿದ್ದೇಕೆ?

ಅಲ್ಲಿ ಒಂದು ಲಕ್ಷ ನಾಗರಿಕರ ಸಹಿ ಸಂಗ್ರಹವಾದರೆ ಸಂವಿಧಾನದ ತಿದ್ದುಪಡಿಯನ್ನೇ ನೇರವಾಗಿ ಜನರ ಮತಕ್ಕೆ ಹಾಕಬಹುದು. ವಾಂಗೆನ್ ಎಂಬ ಸಣ್ಣ ಊರಿನಲ್ಲಿ ತುರ್ಕಿ ಸಂಘವೊಂದು ತನ್ನ ಕಟ್ಟಡದ ಮೇಲೆ ಸುಮಾರು ಆರು ಮೀಟರ್ ಎತ್ತರದ ಮಿನಾರು ಕಟ್ಟಲು ಹೊರಟಾಗ ಎದ್ದ ಸ್ಥಳೀಯ ತಕರಾರು, ಬಲಪಂಥೀಯ ರಾಜಕಾರಣಿಗಳ ಕೈಗೆ ಸಿಕ್ಕು, ಇದೇ ದಾರಿಯಲ್ಲಿ ರಾಷ್ಟ್ರೀಯ ಪ್ರಶ್ನೆಯಾಯಿತು. ಸರ್ಕಾರ ಮತ್ತು ಸಂಸತ್ತು ಪ್ರಸ್ತಾವವನ್ನು ತಿರಸ್ಕರಿಸುವಂತೆ ಕೋರಿದ್ದರೂ, 2009ರ ನವೆಂಬರ್ 29ರಂದು ಶೇ 57.5ರಷ್ಟು ಮತಗಳು ನಿಷೇಧದ ಪರವಾಗಿ ಬಿದ್ದವು.

ನನ್ನ ಮಟ್ಟಿಗೆ, ಮತ ಎಲ್ಲಿ ಹೇಗೆ ಬಿತ್ತು ಎಂಬುದೇ ಇಲ್ಲಿ ಹೆಚ್ಚು ಮುಖ್ಯ. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ಜಿನೀವಾ ಮತ್ತು ಬಾಸೆಲ್ ನಗರ ಪ್ರಾಂತಗಳು ನಿಷೇಧವನ್ನು ತಿರಸ್ಕರಿಸಿದರೆ, ಅವರು ತೀರಾ ವಿರಳವಾಗಿರುವ ಗ್ರಾಮೀಣ ಆಪೆನ್‌ಜೆಲ್ ಇನ್ನರ್‌ರೋಡೆನ್‌ನಲ್ಲಿ ಶೇ 71ಕ್ಕೂ ಹೆಚ್ಚು ಜನ ಒಪ್ಪಿದರು. ಅಂದರೆ, ನೆರೆಮನೆಯವರ ಒಡನಾಟಕ್ಕಿಂತ ದೂರದ ಸುದ್ದಿ ಹಾಗೂ ಪ್ರಚಾರದ ಭಿತ್ತಿಚಿತ್ರಗಳು ಮೂಡಿಸಿದ ಆತಂಕವೇ ಬಹಳ ಕಡೆ ಮತವನ್ನು ನಿರ್ಧರಿಸಿತೆಂದು ತೋರುತ್ತದೆ. ಭಿತ್ತಿಚಿತ್ರವೊಂದರಲ್ಲಿ ಮಿನಾರುಗಳನ್ನು ಕ್ಷಿಪಣಿಗಳಂತೆಯೇ ಚಿತ್ರಿಸಲಾಗಿತ್ತು. ಇದು ಅನ್ಯಾಯವೇ ಸರಿ, ಏಕೆಂದರೆ ಅಲ್ಲಿನ ಮುಸ್ಲಿಮರಲ್ಲಿ ಬಹುಪಾಲು ಬಾಲ್ಕನ್ ದೇಶಗಳಿಂದ ಮತ್ತು ತುರ್ಕಿಯಿಂದ ಬಂದ ಕುಟುಂಬಗಳವರು; ಅವರಲ್ಲಿ ಹೆಚ್ಚಿನವರಿಗೆ ಆಗ ಪೌರತ್ವವಿಲ್ಲದ ಕಾರಣ ತಮ್ಮ ವಿಷಯದಲ್ಲೇ ನಡೆದ ಮತದಾನದಲ್ಲಿ ಪಾಲ್ಗೊಳ್ಳುವ ಹಕ್ಕೂ ಇರಲಿಲ್ಲ.

ನಿಷೇಧ ಹೊಸ ಮಿನಾರುಗಳಿಗೆ ಮಾತ್ರ ಅನ್ವಯಿಸುತ್ತದೆ. ಮಸೀದಿ ಕಟ್ಟಲು, ಪ್ರಾರ್ಥಿಸಲು ಅಡ್ಡಿಯಿಲ್ಲ. 2021ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದರ ನಿಷೇಧವೂ ಇದೇ ರೀತಿ ಅಂಗೀಕಾರವಾಯಿತು, ಆದರೆ ಕೇವಲ ಶೇ 51.2ರಷ್ಟು ಮತಗಳಿಂದ.