ಪಿಟೀಲಿನೊಳಗಿನ ಚೀಟಿ ಮತ್ತು ಕ್ರೆಮೋನಾದ ಮನೆತನಗಳು

ತೀರ್ಥಹಳ್ಳಿಯ ಓದುಗರೊಬ್ಬರು ತಮ್ಮ ಅಜ್ಜನ ಪಿಟೀಲಿನೊಳಗೆ ಆಂಟೋನಿಯಸ್ ಸ್ಟ್ರಾಡಿವೇರಿಯಸ್ (ಇಟಲಿಯ ಕ್ರೆಮೋನಾ ಊರಿನ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿಯ ಹೆಸರಿನ ಲ್ಯಾಟಿನ್ ರೂಪ) ಎಂಬ ಹೆಸರೂ 1721 ಎಂಬ ವರ್ಷವೂ ಇರುವ ಚೀಟಿಯನ್ನು ಕಂಡು, ಇದು ಅಸಲಿಯೇ, ಅಪ್ಪನಿಂದ ಮಗನಿಗೆ ಇಳಿದುಬಂದ ಆ ವಿದ್ಯೆ ಏಕೆ ನಿಂತುಹೋಯಿತು, ವಾದ್ಯದ ಬಿರುಕನ್ನು ಮನೆಯಲ್ಲೇ ಅಂಟಿಸಬಹುದೇ ಎಂದು ಕೇಳಿದ್ದಾರೆ.

ಮಾನ್ಯರೇ,

ಚೀಟಿಯೊಂದನ್ನೇ ನಂಬಿ ತಾವು ಆಸೆ ಇಟ್ಟುಕೊಳ್ಳಬಾರದು. 19ನೆಯ ಶತಮಾನದಲ್ಲಿ ಜರ್ಮನಿ, ಬೊಹೀಮಿಯಾ ಮತ್ತು ಫ್ರಾನ್ಸಿನ ಕಾರ್ಖಾನೆಗಳು ಇಂತಹ ಚೀಟಿಗಳನ್ನು ರಾಶಿಗಟ್ಟಲೆ ಅಚ್ಚು ಹಾಕಿಸಿ ಅಗ್ಗದ ಪಿಟೀಲುಗಳಿಗೆ ಅಂಟಿಸಿದವು. ಅವುಗಳಲ್ಲಿ ಎಲ್ಲವೂ ಮೋಸದ ಉದ್ದೇಶದವಲ್ಲ, ಇದು ಇಂಥವರ ಮಾದರಿಯದು ಎಂದು ತಿಳಿಸುವುದಷ್ಟೇ ಎಷ್ಟೋ ಸಲ ಅವುಗಳ ಕೆಲಸವಾಗಿತ್ತು. ಟಾರ್ಚು ಹಿಡಿದು ವಾದ್ಯದ ಅಂಚನ್ನು ನೋಡಿ. ಅಂಚಿನುದ್ದಕ್ಕೂ ಓಡುವ ಕಪ್ಪು ಗೆರೆಗಳು ಕ್ರೆಮೋನಾದ ವಾದ್ಯಗಳಲ್ಲಿ ಮರದೊಳಗೆ ಕೊರೆದು ಕೂರಿಸಿದ ತೆಳುಪಟ್ಟಿಗಳು. ಅಗ್ಗದ ಎಷ್ಟೋ ಪಿಟೀಲುಗಳಲ್ಲಿ ಬರಿಯ ಬಣ್ಣದ ಗೆರೆಗಳು.

ಎರಡನೆಯ ಪ್ರಶ್ನೆ ಇದಕ್ಕಿಂತ ಸ್ವಾರಸ್ಯದ್ದು. ವಿದ್ಯೆ ರಕ್ತಸಂಬಂಧದಲ್ಲಷ್ಟೇ ಹರಿಯಿತೆಂಬುದು ಪೂರ್ತಿ ನಿಜವಲ್ಲ. 16ನೆಯ ಶತಮಾನದಲ್ಲಿ ಆಂದ್ರೆಯಾ ಅಮಾಟಿ ಕ್ರೆಮೋನಾದಲ್ಲಿ ಆರಂಭಿಸಿದ ಕಸುಬನ್ನು ಅವನ ಮಕ್ಕಳಾದ ಆಂಟೋನಿಯೊ ಮತ್ತು ಜಿರೋಲಾಮೊ ಮುಂದುವರಿಸಿದರು. 1630ರ ಪ್ಲೇಗಿನಲ್ಲಿ ಜಿರೋಲಾಮೊ ತೀರಿಕೊಂಡಾಗ ಕಾರ್ಯಾಗಾರದ ಹೊಣೆ ಅವನ ಮಗ ನಿಕೋಲೋನ ಮೇಲೆ ಬಿತ್ತು. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಮುಂದೆ ಅವನು ಹೊರಗಿನ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಕಲಿಸಿದನು. ಅವರಲ್ಲೊಬ್ಬನಾದ ಆಂದ್ರೆಯಾ ಗ್ವಾರ್ನೇರಿಯಿಂದ ಇನ್ನೊಂದು ಮನೆತನವೇ ಬೆಳೆಯಿತು. ಸ್ಟ್ರಾಡಿವರಿಯೂ 1666ರ ಚೀಟಿಯೊಂದರಲ್ಲಿ ತಾನು ನಿಕೋಲೋನ ಶಿಷ್ಯನೆಂದು ಹೇಳಿಕೊಂಡಿದ್ದಾನೆ. ಆದರೆ ಚೀಟಿಯ ಮಾತೆಂದೋ ಏನೋ, ಅದನ್ನು ಸಂಶಯಿಸುವ ವಿದ್ವಾಂಸರೂ ಇದ್ದಾರೆ.

ಮೆರುಗೆಣ್ಣೆಯ ಗುಟ್ಟು ಕಳೆದುಹೋದದ್ದರಿಂದ ಕಸುಬು ಅಳಿಯಿತೆಂಬ ಕತೆಗಿಂತ ಸಾವಿನ ದಾಖಲೆಗಳು ಹೆಚ್ಚು ಹೇಳುತ್ತವೆಂದು ನನ್ನ ಅಭಿಪ್ರಾಯ. ತೊಂಬತ್ತು ದಾಟಿದ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡನು. ಅಮಾಟಿ ಮನೆತನದ ಕೊನೆಯ ಕುಶಲಕರ್ಮಿಯಾದ ಎರಡನೆಯ ಜಿರೋಲಾಮೊ 1740ರಲ್ಲಿ, ಸ್ಟ್ರಾಡಿವರಿಯೊಡನೆ ಜೀವಮಾನವಿಡೀ ದುಡಿದ ಮಕ್ಕಳಾದ ಒಮೊಬೋನೊ 1742ರಲ್ಲಿ, ಫ್ರಾನ್ಚೆಸ್ಕೊ 1743ರಲ್ಲಿ, ಹೆಸರಾಂತ ಪಿಟೀಲುವಾದಕ ಪಗನೀನಿಯ ಪಿಟೀಲನ್ನು ಮಾಡಿದ ಗ್ವಾರ್ನೇರಿ ದೆಲ್ ಜೆಸು 1744ರಲ್ಲಿ ಗತಿಸಿದರು. ಸ್ಟ್ರಾಡಿವರಿಯ ಇನ್ನೊಬ್ಬ ಮಗ ಪಾವೊಲೊ ಬಟ್ಟೆಯ ವ್ಯಾಪಾರಿ. ಅವನು ತಂದೆಯ ಅಚ್ಚುಗಳನ್ನೂ ಉಪಕರಣಗಳನ್ನೂ ಕೋಜಿಯೊ ಎಂಬ ಸಂಗ್ರಾಹಕ ಶ್ರೀಮಂತನಿಗೆ ಮಾರಿದನು. ಕೈ ಬದಲಾಗುತ್ತ ಅವು 1930ರಲ್ಲಿ ಕ್ರೆಮೋನಾಕ್ಕೆ ಮರಳಿದವು, ಈಗ ಅಲ್ಲಿನ ಪಿಟೀಲು ವಸ್ತುಸಂಗ್ರಹಾಲಯದಲ್ಲಿವೆ. 1938ರಲ್ಲಿ ಅಲ್ಲಿ ಶಾಲೆಯೂ ಆರಂಭವಾಗಿ, ಇಂದು ಬೇರೆ ಬೇರೆ ದೇಶದವರು ಬಂದು ಕಲಿಯುತ್ತಾರೆ.

ಬಿರುಕಿಗೆ ಬಡಗಿಗಳು ಬಳಸುವ ಬಿಳಿ ಗೋಂದನ್ನು ಖಂಡಿತ ಹಚ್ಚಬೇಡಿ. ಪಿಟೀಲಿಗೆ ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟೇ ಸರಿ, ಏಕೆಂದರೆ ಬಿಸಿ ಮತ್ತು ತೇವ ತಾಗಿಸಿದರೆ ಅದು ಬಿಡುತ್ತದೆ. ಮುಂದೆಂದಾದರೂ ಮೇಲ್ಹಲಗೆಯನ್ನು ತೆಗೆಯಬೇಕಾದಾಗ ಮರಕ್ಕೆ ಪೆಟ್ಟಾಗುವುದಿಲ್ಲ. ವಾದ್ಯ ರಿಪೇರಿ ಬಲ್ಲವರ ಕೈಗೇ ಅದನ್ನು ಕೊಡಿ, ಚೀಟಿಯ ವಿಷಯವನ್ನೂ ಅವರಲ್ಲಿಯೇ ವಿಚಾರಿಸಿ.

— ಸಂಪಾದಕ